ಮೈಸೂರು ರೇಷ್ಮೆ ಸೋಲುತ್ತಿದೆಯೇ?

ಅಹಮದಾಬಾದು, ವಡೋದರ, ಸೂರತ್ ನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಮದುವೆ, ಸೀಮಂತ, ಗೃಹಪ್ರವೇಶಗಳ ಮಾತು ಬಂದಾಗಲೆಲ್ಲ ಒಂದು ಚರ್ಚೆ ತಪ್ಪದೆ ಹುಟ್ಟಿಕೊಳ್ಳುತ್ತದೆ. ಮೈಸೂರು ರೇಷ್ಮೆ ಸೀರೆಗೆ ಹಿಂದಿನ ಮನ್ನಣೆ ಉಳಿದಿಲ್ಲ, ಸೂರತ್ತಿನ ಅಗ್ಗದ ಸೀರೆಗಳು ಅದನ್ನು ಮೂಲೆಗೆ ತಳ್ಳಿವೆ ಎಂದು ಕೆಲವರ ಅಭಿಪ್ರಾಯ. ಸೋಲುವ ಮಾತೆಲ್ಲಿಂದ ಬಂತು, ದುಡ್ಡು ಹಿಡಿದುಕೊಂಡು ಹೋದರೂ ಸೀರೆ ಸಿಗುವುದಿಲ್ಲವಲ್ಲ ಎಂದು ಊರಿಗೆ ಹೋಗಿ ಬಂದವರ ಉತ್ತರ. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿದೆ. ಮೈಸೂರು ರೇಷ್ಮೆ ಕಳೆದುಕೊಳ್ಳುತ್ತಿರುವುದು ಗಿರಾಕಿಗಳನ್ನಲ್ಲ, ತನ್ನ ಹೆಸರನ್ನು ಎಂಬುದು ನನ್ನ ಅಭಿಪ್ರಾಯ. ಅದನ್ನು ಕಸಿದುಕೊಂಡವರು ಸೂರತ್ತಿನವರು ಮಾತ್ರವೇ ಅಲ್ಲ.

ಮೊದಲು ಹೆಸರಿನ ವಿಚಾರ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೧೨ರಲ್ಲಿ, ಮೈಸೂರಿನಲ್ಲಿ ರೇಷ್ಮೆ ನೇಯ್ಗೆಯ ಕಾರ್ಖಾನೆ ಸ್ಥಾಪನೆಯಾಯಿತು. ಮಾನಂದವಾಡಿ ರಸ್ತೆಯ ಆ ಕಾರ್ಖಾನೆ ಸ್ವಾತಂತ್ರ್ಯಾನಂತರ ಸರ್ಕಾರದ ಇಲಾಖೆಯ ಅಧೀನಕ್ಕೆ ಬಂದು, ೧೯೮೦ರಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈ ಸೇರಿತು. ೨೦೦೫ರಲ್ಲಿ 'ಮೈಸೂರು ಸಿಲ್ಕ್' ಎಂಬ ಹೆಸರಿಗೆ ಭೌಗೋಳಿಕ ಸೂಚಕದ ನೋಂದಣಿಯೂ ಈ ನಿಗಮದ ಹೆಸರಿನಲ್ಲಿಯೇ ಆಯಿತು. ಹೀಗಾಗಿ ಕಾನೂನಿನ ದೃಷ್ಟಿಯಲ್ಲಿ ಮೈಸೂರು ರೇಷ್ಮೆ ಎಂಬುದು ಒಂದು ಬಗೆಯ ಬಟ್ಟೆಯ ಹೆಸರಲ್ಲ, ಒಂದು ಮನೆತನದ ಹೆಸರು. ಆದರೆ ಸೂರತ್ತಿನ ರಿಂಗ್ ರೋಡಿನ ಮಾರುಕಟ್ಟೆಯಲ್ಲಿ ಹೊಕ್ಕು ನೋಡಿ. ತೆಳುವಾದ, ಒಂದೇ ಬಣ್ಣದ, ಸಣ್ಣ ಜರಿಯಂಚಿನ ಯಾವ ಸೀರೆಯನ್ನು ಬಿಡಿಸಿದರೂ "ಬೆನ್, ಆ ತೋ ಮೈಸೂರ್ ಸಿಲ್ಕ್ ಛೇ" ಎನ್ನುತ್ತಾರೆ. ಅದರಲ್ಲಿ ರೇಷ್ಮೆಯ ಎಳೆ ಒಂದೂ ಇರುವುದಿಲ್ಲ. ಹೇಳುವವನಿಗೆ ಮೋಸ ಮಾಡುತ್ತಿದ್ದೇನೆಂಬ ಭಾವನೆಯೂ ಇರುವುದಿಲ್ಲ. ಅವನ ಪಾಲಿಗೆ ಅದು ಒಂದು ಮಾದರಿಯ ಹೆಸರು, ಅಷ್ಟೆ.

ಈ ಮಾದರಿಯನ್ನು ಹೋಲಿಸುವುದು ಹೇಗೆ ಸಾಧ್ಯವಾಯಿತು ಎಂಬುದನ್ನು ತಿಳಿಯಬೇಕಾದರೆ ಸೀರೆಯ ಒಳಗುಟ್ಟನ್ನು ಸ್ವಲ್ಪ ಅರಿಯಬೇಕು. ಮೈಸೂರು ಕ್ರೇಪ್ ಸೀರೆಯ ಗುಣವಿರುವುದು ಬಣ್ಣಕ್ಕಿಂತ ಹೆಚ್ಚಾಗಿ ಹುರಿಯಲ್ಲಿ. ಹೊಕ್ಕಿನ ನೂಲನ್ನು ಬಿಗಿಯಾಗಿ ಹುರಿಗೊಳಿಸಿರುತ್ತಾರೆ. ಕೆಲವು ಎಳೆ ಬಲಕ್ಕೆ, ಕೆಲವು ಎಡಕ್ಕೆ. ಅವುಗಳನ್ನು ಒಂದರ ಮಗ್ಗುಲಿಗೆ ಒಂದು ಬರುವಂತೆ ಸರದಿಯಲ್ಲಿ ನೇಯುತ್ತಾರೆ. ಮಗ್ಗದಿಂದ ಇಳಿದಾಗ ಬಟ್ಟೆ ಕಾಗದದಂತೆ ಒರಟಾಗಿರುತ್ತದೆ, ಏಕೆಂದರೆ ಹುಳು ಸುರಿದ ಅಂಟು ನೂಲಿನಲ್ಲಿ ಇನ್ನೂ ಉಳಿದಿರುತ್ತದೆ. ಸಾಬೂನು ನೀರಿನಲ್ಲಿ ಕುದಿಸಿದಾಗ ತೂಕದ ಐದನೆಯ ಒಂದು ಭಾಗಕ್ಕೂ ಮಿಕ್ಕ ಆ ಅಂಟು ಹೊರಟುಹೋಗುತ್ತದೆ. ಆಗ ಎದುರುಬದುರು ಹುರಿಗಳು ಬಿಚ್ಚಿಕೊಳ್ಳಲು ಹೆಣಗಾಡಿ, ಬಟ್ಟೆಯ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ನಿರಿಗೆಗಳು ಮೂಡುತ್ತವೆ. ಆ ಸೀರೆ ಮೈಗೆ ಹೊಂದಿಕೊಂಡು ಇಳಿಬೀಳುವುದು ಈ ಕಾರಣದಿಂದ. ಇದು ಕೈಮಗ್ಗದ ಕೆಲಸವೆಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ, ವಿದ್ಯುತ್ ಮಗ್ಗದ್ದು. ಹೆಗ್ಗಳಿಕೆ ಇರುವುದು ನೂಲಿನ ಶುದ್ಧತೆಯಲ್ಲಿ, ಹುರಿಯ ಲೆಕ್ಕದಲ್ಲಿ, ಶೇಕಡಾ ೬೫ ಬೆಳ್ಳಿ ಮತ್ತು ೦.೬೫ ಚಿನ್ನವಿರುವ ಜರಿಯಲ್ಲಿ.

ಹುರಿಯ ಈ ವಿದ್ಯೆಯನ್ನು ಪಾಲಿಯೆಸ್ಟರ್ ನೂಲಿಗೆ ಅನ್ವಯಿಸುವುದು ಸೂರತ್ತಿನವರಿಗೆ ಕಷ್ಟವಾಗಲಿಲ್ಲ. ಅಹಮದಾಬಾದಿನ ನರೋಡಾದಲ್ಲಿ ೧೯೬೬ರಲ್ಲಿ ರಿಲಯನ್ಸ್ ಗಿರಣಿ ಆರಂಭವಾಗಿ, ಅದರ 'ವಿಮಲ್' ಬಟ್ಟೆಗಳು ಮನೆಮಾತಾದವು. ಮುಂದೆ ಸೂರತ್ತಿನ ಪಕ್ಕದ ಹಜೀರಾದಲ್ಲಿಯೇ ಪೆಟ್ರೋಲಿಯಂ ಮೂಲದ ದೊಡ್ಡ ಕಾರ್ಖಾನೆಗಳೆದ್ದವು. ನೂಲು ಮನೆಬಾಗಿಲಿಗೆ ಬಂದ ಮೇಲೆ ಮಗ್ಗಗಳಿಗೇನು ಕೊರತೆ? ಆ ಮಗ್ಗಗಳನ್ನು ನಡೆಸುವವರಾದರೂ ನಮ್ಮಂತೆಯೇ ವಲಸೆ ಬಂದವರು: ಒಡಿಶಾದ ಗಂಜಾಮಿನವರು, ತೆಲಂಗಾಣದ ಪದ್ಮಶಾಲಿಗಳು. ಮೈಸೂರು ಕ್ರೇಪಿನ ನಿರಿಗೆ, ಇಳಿಬೀಳುವ ಗುಣ, ಹೊಳಪು ಎಲ್ಲವನ್ನೂ ಅವರು ಸಾವಿರ ರೂಪಾಯಿಯೊಳಗಿನ ಸೀರೆಯಲ್ಲಿ ತಂದುಕೊಟ್ಟರು. ದುಡಿಮೆಗಾರ ಹೆಣ್ಣುಮಗಳೊಬ್ಬಳು ಅದನ್ನುಟ್ಟು ಸಂತೋಷಪಟ್ಟರೆ ಮೂಗು ಮುರಿಯುವ ಅಧಿಕಾರ ನಮಗಾರಿಗೂ ಇಲ್ಲ.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಸೂರತ್ತನ್ನು ಶತ್ರುವೆಂದು ಬಗೆಯುವವರು ತಮ್ಮ ತಾಯಂದಿರ ಸೀರೆಯ ಅಂಚನ್ನು ನೋಡಿಕೊಳ್ಳಲಿ. ಮೈಸೂರಿಗೂ ಕಂಚಿಗೂ ಚಿನ್ನದ ಜರಿ ಹೋಗುತ್ತಿದ್ದದ್ದು ಈ ಸೂರತ್ತಿನಿಂದಲೇ. ಅಷ್ಟೇ ಅಲ್ಲ, ೧೯ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಜಪಾನಿ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆಯ ಮಾದರಿ ತೋಟವನ್ನು ಸ್ಥಾಪಿಸಿದ ಜಮ್‌ಶೇಟ್‌ಜಿ ಟಾಟಾ ಹುಟ್ಟಿದ್ದು ಸೂರತ್ತಿಗೆ ಸಮೀಪದ ನವಸಾರಿಯಲ್ಲಿ. ಬಸವನಗುಡಿಯ ಕಡೆ 'ಟಾಟಾ ಸಿಲ್ಕ್ ಫಾರಂ' ಎಂಬ ಹೆಸರು ಈಗಲೂ ಉಳಿದಿದೆ. ಕೊಡುಕೊಳ್ಳುವಿಕೆ ಹಳೆಯದು.

ಪೈಪೋಟಿಯೂ ಹೊಸದಲ್ಲ. ೧೯೩೦ರ ದಶಕದಲ್ಲಿ ಜಪಾನು, ಚೀನಾಗಳ ಅಗ್ಗದ ರೇಷ್ಮೆ ಮತ್ತು ರೇಯಾನ್ ನೂಲು ನುಗ್ಗಿ ಮೈಸೂರು ಸೀಮೆಯ ಹಿಪ್ಪುನೇರಳೆ ತೋಟಗಳು ಬಾಡಿದ್ದವು. ಎರಡನೆಯ ಮಹಾಯುದ್ಧ ಬಂದು ಪ್ಯಾರಾಚೂಟಿಗೆ ರೇಷ್ಮೆ ಬೇಕಾದಾಗ ಮತ್ತೆ ಚಿಗುರಿದವು. ಅಮೆರಿಕದಲ್ಲಿ ೧೯೪೦ರಲ್ಲಿ ಮಾರಾಟಕ್ಕೆ ಬಂದ ನೈಲಾನ್ ಕಾಲುಚೀಲ ಅಲ್ಲಿನ ರೇಷ್ಮೆಯ ಮಾರುಕಟ್ಟೆಯನ್ನೇ ನುಂಗಿತು. ನಮ್ಮಲ್ಲಿ ರೇಷ್ಮೆ ಉಳಿದದ್ದು ಸೀರೆಯ ದೆಸೆಯಿಂದ. ೨೦೧೧ರ ಕೇಂದ್ರ ಮುಂಗಡಪತ್ರದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ ೩೦ರಿಂದ ೫ಕ್ಕೆ ಇಳಿಸಿದಾಗ ಗೂಡಿನ ಬೆಲೆ ಕುಸಿದು ರಾಮನಗರದ ಮಾರುಕಟ್ಟೆಯಲ್ಲಿ ರೈತರು ಕಂಗಾಲಾದರು. ಆ ಪೆಟ್ಟು ಕೊಟ್ಟದ್ದು ಪಾಲಿಯೆಸ್ಟರ್ ಅಲ್ಲ, ರೇಷ್ಮೆಯೇ.

ಹಾಗಾದರೆ ಈಗಿನ ತೊಂದರೆ ಯಾವುದು? ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನ ನಿಗಮದ ಮಳಿಗೆಗಳ ಮುಂದೆ ಬೆಳಗಿನ ಜಾವದಿಂದಲೇ ಸಾಲು ನಿಲ್ಲುತ್ತಾರೆ. ಚೀಟಿ ಪಡೆದವರಿಗೆ ಸೀರೆ. ತಡವಾಗಿ ಬಂದವರಿಗೆ ಖಾಲಿ ಕಪಾಟಿನ ದರ್ಶನ. ಬೆಲೆ ಇಪ್ಪತ್ತು ಸಾವಿರವನ್ನು ದಾಟಿ ಮೇಲಕ್ಕೆ ಹೋಗಿದ್ದರೂ ಜನ ಹಿಂಜರಿದಿಲ್ಲ. ಇದನ್ನು ಗೆಲುವೆಂದು ಹಿಗ್ಗುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಸಾಲಿನಲ್ಲಿ ನಿಂತು ಬರಿಗೈಯಲ್ಲಿ ಹಿಂದಿರುಗಿದವಳು ಸೀರೆಯಿಲ್ಲದೆ ಮದುವೆಗೆ ಹೋಗುವುದಿಲ್ಲ. ಪಕ್ಕದ ಅಂಗಡಿಗೆ ಹೋಗುತ್ತಾಳೆ. ಅಲ್ಲಿ 'ಮೈಸೂರು ಸಿಲ್ಕ್' ಎಂದೇ ಕರೆಯಿಸಿಕೊಳ್ಳುವ, ದೊಡ್ಡಬಳ್ಳಾಪುರ, ಬೆಂಗಳೂರಿನ ಖಾಸಗಿ ಮಗ್ಗಗಳಲ್ಲಿ ನೇಯ್ದ ಸೀರೆಗಳಿರುತ್ತವೆ. ಅವು ರೇಷ್ಮೆಯೇ ಆಗಿರಬಹುದು, ಚೆನ್ನಾಗಿಯೂ ಇರಬಹುದು; ಜರಿ ಮಾತ್ರ ಯಾವುದೋ. ಹೀಗೆ ನಿಜವಾದದ್ದು, ನಡುವಿನದು, ನಕಲಿಯದು ಎಂಬ ಮೂರು ಅಂತಸ್ತುಗಳಿಗೂ ಒಂದೇ ಹೆಸರು ಅಂಟಿಕೊಂಡಿದೆ. ಬೇಡಿಕೆಗೆ ತಕ್ಕಷ್ಟು ನೇಯಲಾರದ ಕಾರ್ಖಾನೆ ತನ್ನ ಹೆಸರಿನ ಬೆಳೆಯನ್ನು ಪರರಿಗೆ ಕೊಯ್ಯಲು ಬಿಟ್ಟಂತಾಗಿದೆ.

ಈ ನಾಡಿನ ಪಟೋಲದ ಉದಾಹರಣೆಯನ್ನು ಕೆಲವರು ಕೊಡುತ್ತಾರೆ. ಪಾಟಣದ ಪಟೋಲವನ್ನು ಬೆರಳೆಣಿಕೆಯ ಮನೆತನಗಳು ತಿಂಗಳುಗಟ್ಟಲೆ ಕುಳಿತು ನೇಯುತ್ತವೆ. ಹಾಸು ಹೊಕ್ಕು ಎರಡನ್ನೂ ಮೊದಲೇ ಕಟ್ಟಿ ಬಣ್ಣಗೊಳಿಸುವ ಕೆಲಸವದು. ಲಕ್ಷಗಟ್ಟಲೆ ಬೆಲೆ, ವರ್ಷಗಟ್ಟಲೆ ಕಾಯುವಿಕೆ. ಸೂರತ್ತಿನಲ್ಲಿ ಅದರ ಚಿತ್ತಾರವನ್ನು ಅಚ್ಚೊತ್ತಿ ಮಾರಿದರೂ ಪಟೋಲದ ಗೌರವ ಕುಂದಿಲ್ಲ, ಮೈಸೂರು ರೇಷ್ಮೆಯೂ ಹಾಗೆಯೇ ದುರ್ಲಭವಾಗಿದ್ದರೆ ಒಳ್ಳೆಯದಲ್ಲವೇ ಎಂಬುದು ಅವರ ವಾದ. ಇದು ಸಲ್ಲದು. ಪಟೋಲ ಎಂದೂ ಶ್ರೀಮಂತರ ಸೊತ್ತು. ಮೈಸೂರು ಸೀರೆಯಾದರೋ ಅರಮನೆಗಾಗಿ ಹುಟ್ಟಿದರೂ ಶಾಲೆಯ ಉಪಾಧ್ಯಾಯಿನಿಯರ, ಗುಮಾಸ್ತರ ಮನೆಯ ಹೆಣ್ಣುಮಕ್ಕಳ ಪೆಟ್ಟಿಗೆಯೊಳಕ್ಕೆ ಬಂದು ಸೇರಿದ ಸೀರೆ. ವರ್ಷಕ್ಕೊಂದಲ್ಲದಿದ್ದರೆ ಬದುಕಿಗೊಂದು. ಪಾನೇತರ, ಘರ್‌ಚೋಲಾ ಉಟ್ಟು ಗುಜರಾತಿ ಮನೆಗೆ ಸೊಸೆಯಾಗಿ ಹೋಗುವ ನಮ್ಮ ಹುಡುಗಿಯರೂ ಧಾರೆಯ ಹೊತ್ತಿಗೆ ಈ ಸೀರೆಯನ್ನು ಕೇಳುತ್ತಾರೆ. ಅದು ಗಾಜಿನ ಪೆಟ್ಟಿಗೆಯ ವಸ್ತುವಾಗಬಾರದು. ಮೈಸೂರು, ಚನ್ನಪಟ್ಟಣಗಳಲ್ಲಿ ಮಗ್ಗಗಳು ಹೆಚ್ಚಬೇಕು, ನೇಕಾರರಿಗೆ ತರಬೇತಿ ಸಿಗಬೇಕು, ತಿ. ನರಸೀಪುರದ ನೂಲು ಬಿಚ್ಚುವ ಕಾರ್ಖಾನೆಗೆ ಒಳ್ಳೆಯ ಗೂಡು ಬರಬೇಕು. ಸರ್ಕಾರದ ಕಾರ್ಖಾನೆಯಾದುದರಿಂದ ಇದನ್ನು ಕೇಳುವ ಹಕ್ಕು ನಮಗುಂಟು.

ಈ ಸಂಚಿಕೆಯಲ್ಲಿ ವೈದ್ಯರ ಲೇಖನಗಳೂ ಇರುವುದರಿಂದ ಒಂದು ಮಾತು ಸೇರಿಸುತ್ತೇನೆ. ಅಸಲು ನಕಲಿನ ಭೇದ ಕೇವಲ ಅಂತಸ್ತಿನದಲ್ಲ. ರೇಷ್ಮೆ ತನ್ನ ತೂಕದ ಶೇಕಡಾ ೧೧ರಷ್ಟು ತೇವವನ್ನು ಗಾಳಿಯಿಂದಲೇ ಹೀರಿಕೊಂಡಿರುತ್ತದೆ. ಪಾಲಿಯೆಸ್ಟರ್ ಶೇಕಡಾ ಅರ್ಧವನ್ನೂ ಹೀರದು. ೨೦೧೦ರ ಮೇ ತಿಂಗಳಲ್ಲಿ ಅಹಮದಾಬಾದಿನ ತಾಪ ೪೬.೮ ಡಿಗ್ರಿಗೆ ಏರಿದ್ದನ್ನು ಕಂಡವರಿಗೆ ಬೆವರು ಆರದ ಬಟ್ಟೆ ಎಂದರೇನೆಂದು ವಿವರಿಸಬೇಕಾಗಿಲ್ಲ. (ಅಂಥ ಬೇಸಿಗೆಗೆ ಹತ್ತಿಯೇ ಮೇಲು, ರೇಷ್ಮೆಯಲ್ಲ.) ಇದಕ್ಕಿಂತ ಗಂಭೀರವಾದದ್ದು ಬೆಂಕಿಯ ವಿಚಾರ. ರೇಷ್ಮೆಗೆ ಕಿಡಿ ತಗುಲಿದರೆ ನಿಧಾನವಾಗಿ ಸುಟ್ಟು, ಕೂದಲು ಸುಟ್ಟ ವಾಸನೆ ಬೀರಿ, ಬಹುಮಟ್ಟಿಗೆ ತಾನಾಗಿ ಆರುತ್ತದೆ. ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ; ಗಾಯ ಆಳವಾಗುತ್ತದೆ. ದೀಪಾವಳಿಯ ಪಟಾಕಿಯ ಬಳಿ, ಹೋಮದ ಮುಂದೆ, ಅಡಿಗೆಯ ಒಲೆಯ ಹತ್ತಿರ ರೇಷ್ಮೆಯೆಂದು ನಂಬಿ ಪಾಲಿಯೆಸ್ಟರ್ ಸೆರಗನ್ನು ಜೋಲು ಬಿಟ್ಟುಕೊಂಡಿರುವವಳು ತಾನು ಉಟ್ಟಿರುವುದು ಏನೆಂದು ತಿಳಿದಿರಲೇಬೇಕು. ಒಳ ಅಂಚಿನಿಂದ ಎರಡು ಎಳೆ ತೆಗೆದು, ಸೀರೆಯಿಂದ ದೂರ ಹಿಡಿದು ಸುಟ್ಟು ನೋಡಿದರೆ ಸಾಕು: ಪುಡಿಯಾಗುವ ಕಪ್ಪು ಬೂದಿ ಉಳಿದರೆ ರೇಷ್ಮೆ, ಗಟ್ಟಿ ಮಣಿಯಂತೆ ಮುದ್ದೆಯಾದರೆ ಅಲ್ಲ.

ಅಂಗಡಿಯಲ್ಲಿ ಕೇಳಬೇಕಾದದ್ದು ಇಷ್ಟೇ: ನಿಗಮದ ಸೀರೆಯಾದರೆ ಅದಕ್ಕೆ ಪ್ರತ್ಯೇಕವಾದ ಸಂಖ್ಯೆಯಿರುತ್ತದೆ, ತೋರಿಸಿ. ಬೇರೆ ರೇಷ್ಮೆಯಾದರೆ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದ 'ಸಿಲ್ಕ್ ಮಾರ್ಕ್' ಚೀಟಿ ಎಲ್ಲಿ? ರಸೀತಿಯಲ್ಲಿ 'ಶುದ್ಧ ರೇಷ್ಮೆ' ಎಂದು ಬರೆದುಕೊಡುವಿರಾ? ಎರಡೂ ಇಲ್ಲವೆಂದರೆ ಪಾಲಿಯೆಸ್ಟರ್ ಬೆಲೆಗೆ ಪಾಲಿಯೆಸ್ಟರ್ ಎಂದೇ ಕೊಳ್ಳಿರಿ; ಆದರೆ ಮನೆಗೆ ತಂದು ಮಕ್ಕಳ ಮುಂದೆ ಅದನ್ನು ಮೈಸೂರು ರೇಷ್ಮೆ ಎಂದು ಕರೆಯಬೇಡಿರಿ. ನಮ್ಮ ಮೂರೂ ನಗರಗಳ ಸಂಘಗಳು ಒಟ್ಟುಗೂಡಿ, ದೀಪಾವಳಿಗೆ ಮುಂಚೆ ಎರಡು ದಿನಗಳ ಮಾರಾಟ ಪ್ರದರ್ಶನಕ್ಕಾಗಿ ನಿಗಮಕ್ಕೆ ಪತ್ರ ಬರೆಯಬೇಕೆಂಬುದು ನನ್ನ ಸಲಹೆ. ಸೀರೆಗಳು ಸಾಲದೆಂಬ ಉತ್ತರ ಬರಬಹುದು. ಬಂದರೆ ಆ ಉತ್ತರವನ್ನೇ ಲಗತ್ತಿಸಿ, ಮಗ್ಗಗಳನ್ನು ಹೆಚ್ಚಿಸಿರೆಂದು ಬೆಂಗಳೂರಿನ ಸಚಿವಾಲಯಕ್ಕೆ ಇನ್ನೊಂದು ಪತ್ರ ಬರೆಯೋಣ.