ಓದದೆ ರುಜು ಹಾಕುವ ಹಾಳೆ

ಪದವಿ ಮುಗಿಸಿ ಮೊದಲ ನೌಕರಿಗೆ ಸೇರುವ ಹುಡುಗ ಹುಡುಗಿಯರ ಕೈಗೆ ಮೊದಲ ದಿನವೇ ಕಾಗದದ ಒಂದು ಕಂತೆ ಬರುತ್ತದೆ. ನೇಮಕಾತಿ ಆದೇಶ, ಸಂಬಳದ ವಿವರ, ಭವಿಷ್ಯ ನಿಧಿಯ ಅರ್ಜಿಗಳ ನಡುವೆ ಅಂತರಜಾಲ, ಇ-ಮೇಲ್ ಮತ್ತು ಸಾಮಾಜಿಕ ಜಾಲತಾಣಗಳ ಬಳಕೆಯ ನಿಯಮಗಳೂ ಇರುತ್ತವೆ. ಸಂಬಳದ ಹಾಳೆಯನ್ನು ಎರಡೆರಡು ಸಲ ಓದುವವರು ಈ ಹಾಳೆಗೆ ಓದದೆಯೇ ರುಜು ಹಾಕುತ್ತಾರೆ. ಆದರೆ ನಾಳೆ ಏನಾದರೂ ಎಡವಟ್ಟಾದರೆ ಮೇಲಧಿಕಾರಿಯ ಮೇಜಿಗೆ ಮೊದಲು ಬರುವುದು ಇದೇ ಹಾಳೆ. ಅದರ ಹಿಂದಿರುವ ವಿಜ್ಞಾನವನ್ನೂ ನ್ಯಾಯವನ್ನೂ ಈ ವಾರ ನೋಡೋಣ.

ಇ-ಮೇಲ್ ಎಂದರೆ ಅಂಟಿಸಿದ ಲಕೋಟೆ ಎಂದು ಹಲವರ ಎಣಿಕೆ. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಅವರು ಬಳಕೆದಾರನ ಹೆಸರಿಗೂ ಯಂತ್ರದ ಹೆಸರಿಗೂ ನಡುವೆ 'ಆ್ಯಟ್' ಚಿಹ್ನೆಯನ್ನಿಟ್ಟು, ಜಾಲದ ಮೂಲಕ ಒಂದು ಗಣಕಯಂತ್ರದಿಂದ ಇನ್ನೊಂದಕ್ಕೆ ಸಂದೇಶ ಕಳುಹಿಸಿದರು. ಅಂಚೆಯಣ್ಣ ನಿಮ್ಮ ಕಾಗದವನ್ನೇ ಒಯ್ಯುತ್ತಾನೆ. ಗಣಕಯಂತ್ರ ಒಯ್ಯುವುದು ಕಾಗದದ ಪ್ರತಿಯನ್ನು. ಕಚೇರಿಯ ವಿಳಾಸದಿಂದ ಹೊರಟ ಪತ್ರದ ಒಂದು ಪ್ರತಿ ಕಚೇರಿಯ ಸರ್ವರ್‌ನಲ್ಲಿ, ಇನ್ನೊಂದು ಸ್ವೀಕರಿಸುವವರ ಸರ್ವರ್‌ನಲ್ಲಿ, ಮತ್ತೆ ಕೆಲವು ಸುರಕ್ಷತೆಗಾಗಿ ತೆಗೆದಿಟ್ಟ ಸಂಗ್ರಹಗಳಲ್ಲಿ ಉಳಿಯಬಹುದು. 'ಅಳಿಸು' ಎಂಬ ಗುಂಡಿ ಒತ್ತಿದರೆ ಅದು ನಿಮ್ಮ ಪೆಟ್ಟಿಗೆಯಿಂದ ಮರೆಯಾಗುತ್ತದೆ, ಅಷ್ಟೆ.

ಬ್ರೌಸರಿನ 'ಇನ್‌ಕಾಗ್ನಿಟೊ' ಕಿಟಕಿಯ ಬಗೆಗೂ ಇಂಥದೇ ತಪ್ಪು ತಿಳಿವಳಿಕೆ ಇದೆ. ನೀವು ನೋಡಿದ ತಾಣಗಳ ಪಟ್ಟಿಯನ್ನು ಅದು ನಿಮ್ಮ ಬ್ರೌಸರಿನಲ್ಲಿ ಉಳಿಸುವುದಿಲ್ಲ. ಆದರೆ ಕಚೇರಿಯ ಜಾಲ ಯಾವ ತಾಣಕ್ಕೆ, ಎಷ್ಟು ಹೊತ್ತಿಗೆ ಹೋದಿರಿ ಎಂಬುದನ್ನು ದಾಖಲಿಸಿಕೊಳ್ಳಬಲ್ಲದು. ಯಂತ್ರವೇ ಕಂಪೆನಿಯದಾದರೆ, ಪರದೆಯ ಮೇಲಿರುವುದನ್ನು ಗಮನಿಸುವ ತಂತ್ರಾಂಶವನ್ನೂ ಅದರಲ್ಲಿ ಅಳವಡಿಸಲು ಸಾಧ್ಯ.

ಹಾಗಾದರೆ ಮಾಲೀಕರು ಏನನ್ನು ಬೇಕಾದರೂ ಓದಬಹುದೇ? ರೊಮೇನಿಯಾ ದೇಶದ ಒಬ್ಬ ಎಂಜಿನಿಯರ್ ಈ ಪ್ರಶ್ನೆಗೆ ಹತ್ತು ವರ್ಷ ಹೋರಾಡಿದ. ಗ್ರಾಹಕರಿಗೆ ಉತ್ತರಿಸಲೆಂದು ಕಂಪೆನಿ ಹೇಳಿ ಮಾಡಿಸಿದ್ದ ಯಾಹೂ ಮೆಸೆಂಜರ್ ಖಾತೆಯಿಂದ ಆತ ತಮ್ಮ ಮನೆಯವರೊಡನೆಯೂ ಮಾತಾಡಿದ್ದ. ಕೇಳಿದಾಗ 'ಕೆಲಸಕ್ಕಷ್ಟೇ ಬಳಸಿದ್ದೇನೆ' ಎಂದ. ಕಂಪೆನಿ 45 ಪುಟಗಳ ದಾಖಲೆಯನ್ನು ಎದುರಿಗಿಟ್ಟಿತು. ಸೋದರನಿಗೂ ಮದುವೆ ನಿಶ್ಚಯವಾಗಿದ್ದ ಹುಡುಗಿಗೂ ಬರೆದ ಮಾತುಗಳು ಅದರಲ್ಲಿದ್ದವು. 2007ರಲ್ಲಿ ಕೆಲಸ ಹೋಯಿತು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2016ರಲ್ಲಿ ಕಂಪೆನಿ ಮಾಡಿದ್ದರಲ್ಲಿ ತಪ್ಪಿಲ್ಲವೆಂದಿತು. ಅದೇ ನ್ಯಾಯಾಲಯದ ಹಿರಿಯ ಪೀಠ 2017ರ ಸೆಪ್ಟೆಂಬರ್ 5ರಂದು, 11 ನ್ಯಾಯಾಧೀಶರ ಬಹುಮತದಿಂದ ಅದನ್ನು ಬದಲಿಸಿತು. ನಿಗಾ ಇಡುತ್ತೇವೆ, ಇಷ್ಟರ ಮಟ್ಟಿಗೆ ಇಡುತ್ತೇವೆ ಎಂದು ನೌಕರನಿಗೆ ಮೊದಲೇ ತಿಳಿಸಿದ್ದರೇ, ಅದಕ್ಕೆ ತಕ್ಕ ಕಾರಣವಿತ್ತೇ ಎಂಬುದನ್ನು ಆ ದೇಶದ ನ್ಯಾಯಾಲಯಗಳು ಸರಿಯಾಗಿ ನೋಡಲಿಲ್ಲವೆಂಬುದು ಅದರ ನಿಲುವು. ಆತ ಗೆದ್ದ, ನಿಜ. ಕೈಗೆ ಸಿಕ್ಕಿದ್ದು ಮಾತ್ರ ಮೊಕದ್ದಮೆಯ ಖರ್ಚು.

ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ನಮಗೆ ಹೆಮ್ಮೆ. ಆದರೆ 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯು, ವ್ಯಾಪಾರದ ಗುಟ್ಟು ಕಾಪಾಡುವಂಥ ಉದ್ಯೋಗಸಂಬಂಧಿ ಉದ್ದೇಶಗಳಿಗಾಗಿ ನೌಕರರ ಮಾಹಿತಿಯನ್ನು ಬಳಸಲು ಮಾಲೀಕರಿಗೆ ಎಡೆ ಕೊಟ್ಟಿದೆ ಎಂಬುದನ್ನೂ ಮರೆಯಬಾರದು.

ಮಾಲೀಕರ ಭಯಕ್ಕೂ ಕಾರಣವಿದೆ. 2000ದ ಮೇ ತಿಂಗಳಲ್ಲಿ 'ಐ ಲವ್ ಯೂ' ಎಂಬ ತಲೆಬರಹದ ಒಂದು ಇ-ಮೇಲಿನ ಲಗತ್ತನ್ನು ಕುತೂಹಲದಿಂದ ತೆರೆದವರಿಂದಾಗಿ ಜಗತ್ತಿನಾದ್ಯಂತ ಕಚೇರಿಗಳು ಕಂಗಾಲಾದವು. 2023ರಲ್ಲಿ ಸ್ಯಾಮ್‌ಸಂಗ್ ಸಂಸ್ಥೆ, ನೌಕರರು ತನ್ನ ಗುಟ್ಟಿನ ತಂತ್ರಾಂಶ ಸಾಲುಗಳನ್ನು ಚಾಟ್‌ಜಿಪಿಟಿಗೆ ಹಾಕಿದ್ದನ್ನು ಕಂಡು, ಅಂಥ ಸಾಧನಗಳ ಬಳಕೆಯನ್ನು ತಡೆಯಿತು. ಆ ನೌಕರರು ಕಳ್ಳರಲ್ಲ. ಕೆಲಸ ಬೇಗ ಮುಗಿಯಲೆಂದು ಹಾಗೆ ಮಾಡಿದವರು. ರಾತ್ರಿ ಮನೆಯಲ್ಲಿ ಕೂತು ಮುಗಿಸೋಣವೆಂದು ಕಚೇರಿಯ ಕಡತವನ್ನು ಸ್ವಂತ ವಿಳಾಸಕ್ಕೆ ಕಳುಹಿಸಿಕೊಳ್ಳುವ ಶ್ರದ್ಧಾವಂತ ಹುಡುಗನೂ ಹೀಗೆಯೇ ನಿಯಮ ಮುರಿಯುತ್ತಾನೆ.

ವಿದ್ಯಾರ್ಥಿ ಮಿತ್ರರೇ, ಮನೆಯ ಮಾತಿಗೆ ಸ್ವಂತ ವಿಳಾಸ, ಸ್ವಂತ ಫೋನು ಇರಲಿ. ಕಚೇರಿಯ ಯಂತ್ರ ಕಚೇರಿಯ ಕೆಲಸಕ್ಕಿರಲಿ. ಸಿಟ್ಟಿನಲ್ಲಿ ಬರೆದ ಪತ್ರವನ್ನು ಮರುದಿನ ಬೆಳಿಗ್ಗೆ ಇನ್ನೊಮ್ಮೆ ಓದದೆ ಕಳುಹಿಸಬೇಡಿ. ನಿಯಮ ಅರ್ಥವಾಗದಿದ್ದರೆ ಕೇಳಿ. ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಪಾಲಕರಿಗೂ ಒಂದು ಮಾತು. ಮಗಳಿಗೆ ಕೆಲಸ ಸಿಕ್ಕಿದ ಸಂತೋಷದಲ್ಲಿ ಅವಳ ನೇಮಕಾತಿ ಪತ್ರದ, ಗುರುತಿನ ಚೀಟಿಯ ಚಿತ್ರವನ್ನು ನೆಂಟರ ವಾಟ್ಸ್ಆ್ಯಪ್ ಗುಂಪಿಗೆಲ್ಲ ಹಂಚುತ್ತೀರಿ. ಸಂಬಳವನ್ನು ಗುಟ್ಟಾಗಿಡಬೇಕೆಂದು ಅದೇ ಪತ್ರದ ಕೆಳಗೆ ಬರೆದಿರಬಹುದು. ಸಿಹಿ ಹಂಚಿ, ಪತ್ರ ಬೇಡ. ಮಕ್ಕಳು ರುಜು ಹಾಕುವ ಮುನ್ನ ಆ ಹಾಳೆಯ ಒಂದು ಪ್ರತಿಯನ್ನು ಮನೆಗೆ ತರಲು ಹೇಳಿ. ಕೂತು ಒಟ್ಟಿಗೆ ಓದಿ.