ಸರಾಸರಿ ಮಳೆಯ ಸುಳ್ಳು ಸಮಾಧಾನ

"ಲೆಕ್ಕ ಬರೆದಿಟ್ಟರೆ ಮಳೆ ನಿಂತುಬಿಡುತ್ತದೇನೆ?" ಎಂದು ನಮ್ಮವರು ಪೇಪರಿನಿಂದ ತಲೆ ಎತ್ತದೆಯೇ ಕೇಳಿದರು. ಬೆಟ್ಟದ ಊರುಗಳಲ್ಲಿ ಇನ್ನಷ್ಟು ಮಳೆಮಾಪಕ ಇಡಬೇಕು ಎಂದಿದ್ದಕ್ಕೆ ನನಗೆ ಸಿಕ್ಕ ಉತ್ತರ ಇದು. ನಿಲ್ಲುವುದಿಲ್ಲ, ನನಗೂ ಗೊತ್ತು. ಹಾಲಿನ ಲೆಕ್ಕ ಬರೆದಿಟ್ಟರೆ ಹಾಲಿನ ದರವೂ ಇಳಿಯುವುದಿಲ್ಲ. ಆದರೂ ನಾವು ಹೆಂಗಸರು ಕ್ಯಾಲೆಂಡರಿನಲ್ಲಿ ಬರೆಯುವುದನ್ನು ಬಿಟ್ಟಿದ್ದೇವೆಯೇ?

ಲಡಾಖಿನ ಲೇಹ್ ಪಟ್ಟಣವನ್ನೇ ನೋಡಿ. ಸುಮಾರು 3,500 ಮೀಟರ್ ಎತ್ತರದ ಊರು. ವರ್ಷವಿಡೀ ಮಳೆ, ಹಿಮ ಎಲ್ಲ ಸೇರಿದರೂ ಸರಾಸರಿ 100 ಮಿಲಿಮೀಟರ್ ಆಸುಪಾಸು. ಅದಕ್ಕೇ ಅಲ್ಲಿ ಹಸಿ ಇಟ್ಟಿಗೆಯ ಗೋಡೆ, ಮಣ್ಣಿನ ಮಾಳಿಗೆ. 2010ರ ಆಗಸ್ಟ್ 5ರ ರಾತ್ರಿ ಅಲ್ಲಿ ಮೇಘಸ್ಫೋಟವಾಯಿತು. ಕೆಸರು, ಬಂಡೆ ಎಲ್ಲ ಚೊಗ್ಲಮ್ಸರ್‌ನ ಮನೆಗಳ ಮೇಲೆ ನುಗ್ಗಿದವು. ಆ ಒಂದು ರಾತ್ರಿ ಲೇಹ್ ಸುತ್ತಮುತ್ತ 200ಕ್ಕೂ ಹೆಚ್ಚು ಜನ ಸತ್ತರು. ಆ ದಿನ ಲೇಹ್‌ನ ಹವಾಮಾನ ಕೇಂದ್ರದಲ್ಲಿ ದಾಖಲಾದ ಮಳೆ ಎಷ್ಟು ಗೊತ್ತೇ? 12.8 ಮಿಲಿಮೀಟರ್! ಒಣಹಾಕಿದ ಸಂಡಿಗೆಯನ್ನು ಒಳಗೆ ತಂದಿಟ್ಟು ನಾವು ಮರೆತುಬಿಡುವಷ್ಟು.

ಮಾಪಕ ಸುಳ್ಳು ಹೇಳಲಿಲ್ಲ. ಗಂಟೆಗೆ 100 ಮಿಲಿಮೀಟರ್ ಸುರಿದರೆ ನಮ್ಮ ಹವಾಮಾನ ಇಲಾಖೆ ಅದನ್ನು ಮೇಘಸ್ಫೋಟ ಎನ್ನುತ್ತದೆ. ಅದು ಸುರಿಯುವುದು ಕೆಲವೇ ಕಿಲೋಮೀಟರ್ ಜಾಗದಲ್ಲಿ. ಪಕ್ಕದ ಕಣಿವೆಯಲ್ಲಿ ಬಿದ್ದದ್ದು ಈ ಕಣಿವೆಯ ಮಾಪಕಕ್ಕೆ ತಿಳಿಯುವುದು ಹೇಗೆ? ಜನ ಇರುವ ಕೆಳಗಿನ ಬಯಲಿನಲ್ಲಿ ಒಂದು ಮಾಪಕ ನೆಟ್ಟು, ಇಡೀ ಬೆಟ್ಟವನ್ನು ಅಳೆದೆವು ಎನ್ನುವುದು ಯಾವ ನ್ಯಾಯ?

ಇನ್ನು ಆ ಸರಾಸರಿ. ಸರಾಸರಿ ನೋಡಿ ಪಾತ್ರೆ ಕೊಳ್ಳುವ ಹೆಂಗಸು ಎಲ್ಲಾದರೂ ಇದ್ದಾಳೆಯೇ? ದಿನಾ ನಾಲ್ಕೇ ಜನ ಉಂಡರೂ ನಲವತ್ತು ಎಲೆ ಹಾಕುವ ದಿನಕ್ಕೆಂದು ಅಟ್ಟದ ಮೇಲೆ ದೊಡ್ಡ ಕೊಳಗ ಇಟ್ಟಿರುತ್ತೇವೆ. ಸೇತುವೆ, ಮೋರಿ, ಆಸ್ಪತ್ರೆ ಕಟ್ಟುವವರಿಗೆ ಈ ಬುದ್ಧಿ ಬೇಡವೇ? ಐವತ್ತು ವರ್ಷಕ್ಕೊಮ್ಮೆ ಬರುವ ಮಳೆಯನ್ನು ಐದು ವರ್ಷದ ಪುಸ್ತಕ ಹೇಳಲಾರದು. ದಿನದ ಒಟ್ಟು ಮೊತ್ತವೂ ಸಾಲದು, ಗಂಟೆಗಂಟೆಯ ಲೆಕ್ಕ ಬೇಕು. ಇಳಿಜಾರುಗಳಲ್ಲಿ ಬೇಕು, ಹತ್ತಾರು ವರ್ಷ ತಪ್ಪದೆ ಬೇಕು.

ದುಡ್ಡೆಲ್ಲಿ ಎನ್ನುತ್ತಾರೆ. ಹೆಣ ಎಣಿಸಿದ ಮೇಲೆ ಹಂಚುವ ಪರಿಹಾರಕ್ಕೆ ಸಿಗುವ ದುಡ್ಡು ಮೊದಲೇ ಏಕೆ ಸಿಗುವುದಿಲ್ಲ?

ನಮ್ಮವರಿಗೆ ಅಂದು ಇಷ್ಟೇ ಹೇಳಿದೆ: "ಲೆಕ್ಕ ಬರೆಯುವುದು ಮಳೆ ನಿಲ್ಲಿಸುವುದಕ್ಕಲ್ಲ ಅಂದ್ರೆ, ತೊರೆಯ ದಾರಿಯಲ್ಲಿ ಮನೆ ಕಟ್ಟುವುದನ್ನು ನಿಲ್ಲಿಸುವುದಕ್ಕೆ." ಅವರು ಪೇಪರು ಮಡಿಸಿಟ್ಟರು.