ಹಲ್ಲಿಗೊಂದು ಎರಡನೆಯ ರುಜು

ಸರ್ಕಾರಿ ಕಚೇರಿಯಲ್ಲಿ ಹತ್ತು ವರ್ಷ ಕೂತವರಿಗೆ ಒಂದು ಸಂಗತಿ ಮೈಗೂಡಿರುತ್ತದೆ: ಒಂದೇ ರುಜುವಿನ ಮೇಲೆ ಯಾವ ಬಿಲ್ಲೂ ಪಾಸಾಗುವುದಿಲ್ಲ. ಗುಮಾಸ್ತ ಬರೆದದ್ದನ್ನು ಮೇಲ್ವಿಚಾರಕರು ನೋಡಬೇಕು, ಅವರು ನೋಡಿದ್ದನ್ನು ಲೆಕ್ಕಾಧಿಕಾರಿಗಳು ನೋಡಬೇಕು. ಗುಂಡುಸೂಜಿಯ ಡಬ್ಬಿಗೂ ಈ ವಿಧಿ ತಪ್ಪಿದ್ದಲ್ಲ. ಇದರಿಂದ ಯಾರಿಗಾದರೂ ಅವಮಾನವಾಯಿತೆಂದು ನಾವು ಕೇಳಿಲ್ಲ. ಆದರೆ ಡಾಕ್ಟರು ಹೇಳಿದ್ದನ್ನು ಇನ್ನೊಬ್ಬ ಡಾಕ್ಟರಿಗೆ ತೋರಿಸೋಣವೆಂದು ಮನಸ್ಸಿಗೆ ಬಂದರೆ ಸಾಕು, ಕಳ್ಳತನಕ್ಕೆ ಹೊರಟವರ ಹಾಗೆ ಅಳುಕುತ್ತೇವೆ. ಆ ಡಾಕ್ಟರು ಕನ್ನಡದವರಾಗಿಬಿಟ್ಟರಂತೂ ಕೇಳುವುದೇ ಬೇಡ.

ಹೊರನಾಡಿನಲ್ಲಿ ಕನ್ನಡದ ಡಾಕ್ಟರು ಸಿಕ್ಕುವುದೆಂದರೆ ಸಣ್ಣ ಭಾಗ್ಯವಲ್ಲ. ಮುಂಬಯಿಯಲ್ಲಿ ಹೊಟ್ಟೆನೋವನ್ನು ಹಿಂದಿಯಲ್ಲೋ ಮರಾಠಿಯಲ್ಲೋ ಹೇಗೋ ತಿಳಿಸಬಹುದು. ಹಲ್ಲುನೋವಿಗೆ ಮಾತ್ರ ತಾಯಿನುಡಿಯೇ ಬೇಕು. ತಣ್ಣೀರಿಗೆ ಜುಮ್ಮೆನ್ನುವುದು ಬೇರೆ, ಅಗಿದಾಗ ಚುಳ್ಳೆನ್ನುವುದು ಬೇರೆ, ರಾತ್ರಿ ಮಲಗಿದ ಮೇಲೆ ಕಿವಿಯವರೆಗೆ ಸೆಳೆಯುವುದು ಇನ್ನೂ ಬೇರೆ. ಯಾವುದು ಯಾವಾಗ ಆಗುತ್ತದೆಂದು ತಿಳಿಸಿದರೆ ಡಾಕ್ಟರಿಗೆ ರೋಗ ಅರ್ಧ ಪತ್ತೆಯಾದಂತೆಯೇ. ಆದ್ದರಿಂದ ನಮ್ಮವರ ಕಡೆಗೇ ಹೋಗುತ್ತೇವೆ, ಹೋಗುವುದೂ ಸರಿ.

ನಮ್ಮ ಮನೆಯವರ ಬಲಗಡೆಯ ಮೇಲಿನ ದವಡೆಹಲ್ಲಿಗೆ ಕಳೆದ ದೀಪಾವಳಿಯ ಮುಂಚೆ ರೂಟ್ ಕೆನಾಲ್ ಆಯಿತು. ಮಾಡಿದವರು ಸಂಘದ ಪರಿಚಯದವರು. ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ನಮ್ಮ ಪಕ್ಕದ ಎಲೆಗೆ ಕೂರುವವರು. ಶುಲ್ಕದಲ್ಲಿ ಸ್ವಲ್ಪ ಬಿಟ್ಟರು, ಕ್ಯಾಪು ಕೂಡಿಸಿದರು, "ನಾಕು ದಿನ ನೋವಿದ್ದೀತು, ಅಂಜಬ್ಯಾಡ್ರಿ ಅಕ್ಕಾ" ಎಂದರು. ಅದು ಸುಳ್ಳಲ್ಲ. ಕೆನಾಲ್ ಆದ ಮೇಲೆ ಕೆಲವು ದಿನ ನೋವಿರುವುದು ಸಹಜವೇ, ಅಷ್ಟಕ್ಕೇ ಡಾಕ್ಟರನ್ನು ಶಂಕಿಸುವುದು ಅನ್ಯಾಯ. ಆದರೆ ನಾಲ್ಕು ದಿನ ಹೋಗಿ ತಿಂಗಳಾಯಿತು, ಸಂಕ್ರಾಂತಿಯೂ ಬಂತು. ರೊಟ್ಟಿಯ ಅಂಚು ಆ ಹಲ್ಲಿಗೆ ಸಿಕ್ಕಿತೋ ನಮ್ಮ ಮನೆಯವರ ಕೈ ಕೆನ್ನೆಗೆ. ಎರಡು ಸಲ ಹೋದಾಗ "ಹೊಂದಿಕೊಳ್ತದ" ಎಂಬ ಮಾತೂ ಮಾತ್ರೆಯೂ ಸಿಕ್ಕವು. ಮೂರನೆಯ ಸಲ ಮಾತೇ ಬದಲಾಯಿತು: ಬೇರು ಸೀಳಿರಬೇಕು, ಹಲ್ಲು ಕಿತ್ತು ಇಂಪ್ಲಾಂಟ್ ಹಾಕೋಣ. ಹೇಳಿದ ಮೊತ್ತ ನಮ್ಮ ಒಂದು ತಿಂಗಳ ಸಂಬಳದ ಬಹುಪಾಲನ್ನು ನುಂಗುವಂಥದು.

"ಅಲ್ರೀ, ಉಳಸ್ತೀನಿ ಅಂತ ಒಮ್ಮೆ ರೊಕ್ಕ, ಕೀಳ್ತೀನಿ ಅಂತ ಇನ್ನೊಮ್ಮೆ ರೊಕ್ಕ. ಒಂದ ಹಲ್ಲಿಗೆ ಎರಡು ಬಿಲ್ಲೇನ್ರೀ?" ಎಂದು ನಮ್ಮ ಮನೆಯವರು ಕೇಳಿದರು. ಹದಿನಾಲ್ಕು ವರ್ಷ ಗುಮಾಸ್ತನೊಡನೆ ಸಂಸಾರ ಮಾಡಿದವರು. ಆಡಿಟ್ ಆಕ್ಷೇಪಣೆ ಬೇರೆ ಯಾರೂ ಬರೆದುಕೊಡಬೇಕಾಗಿಲ್ಲ.

ಇಲ್ಲಿ ಸ್ವಲ್ಪ ವಿವರಣೆ ಬೇಕು. ಹಲ್ಲಿನ ಬೇರಿನೊಳಗೆ ಎಳೆಯಂಥ ನಾಳಗಳಿವೆ, ಅವುಗಳಲ್ಲಿ ನರವೂ ರಕ್ತನಾಳವೂ ಇವೆ. ರೂಟ್ ಕೆನಾಲ್ ಎಂದರೆ ಕೊಳೆತದ್ದನ್ನು ತೆಗೆದು, ನಾಳವನ್ನು ತೊಳೆದು, ತುದಿಯವರೆಗೂ ತುಂಬಿ ಮುಚ್ಚುವುದು. ತುಂಬುವ ವಸ್ತು ಗಟ್ಟಾ ಪರ್ಚಾ, ಮಲಯ ಸೀಮೆಯ ಮರವೊಂದರ ಹಾಲಿನಿಂದ ಬಂದದ್ದು. (1851ರಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವೆ ಕಡಲಡಿಯಲ್ಲಿ ಹಾಸಿದ ತಂತಿಗೆ ಹೊದಿಸಿದ್ದೂ ಇದನ್ನೇ. ಕಡಲಿಗೆ ಅಂಜದ್ದು ಬಾಯಿಗೆ ಅಂಜೀತೆ?) ಮೇಲಿನ ಮೊದಲ ದವಡೆಹಲ್ಲಿಗೆ ಬೇರು ಮೂರು. ನಾಳವೂ ಮೂರೇ ಎಂದು ತೋರುತ್ತದೆ. ಆದರೆ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಕೆನ್ನೆಯ ಕಡೆಯ ಮುಂದಿನ ಬೇರಿನಲ್ಲಿ ನಾಲ್ಕನೆಯದೊಂದು ಅಡಗಿರುತ್ತದೆ. ಅದು ಉಳಿದರೆ ಕೊಳೆಯೂ ಉಳಿಯಿತು. ಸಾಮಾನ್ಯ ಎಕ್ಸ್‌ರೇಯಲ್ಲಿ ಒಂದರ ಹಿಂದೊಂದು ನಿಂತ ನಾಳಗಳು ಒಂದೇ ಗೆರೆಯಂತೆ ಕಾಣುವುದರಿಂದ, ಕೈ ಪಳಗಿದವರಿಗೂ ಇದು ತಪ್ಪುವುದುಂಟು.

ಹೀಗಾಗಿ ನಮ್ಮ ಮುಂದಿದ್ದ ಪ್ರಶ್ನೆ ಒಂದೇ: ಬೇರು ನಿಜವಾಗಿ ಸೀಳಿದೆಯೇ, ಅಥವಾ ನಾಳ ಉಳಿದಿದೆಯೇ? ಸೀಳಿದ್ದರೆ ಕೀಳುವುದೇ ಬಹುಮಟ್ಟಿಗೆ ಸರಿ. ನಾಳ ಉಳಿದಿದ್ದರೆ ಹಲ್ಲನ್ನು ಉಳಿಸಬಹುದು. ಕಿತ್ತ ಮೇಲೆ ಈ ಪ್ರಶ್ನೆಯನ್ನು ಯಾರಿಗೂ ಕೇಳಿ ಪ್ರಯೋಜನವಿಲ್ಲ.

ಎಕ್ಸ್‌ರೇ ಕೇಳುವುದು ಹೇಗೆ? ಕಟ್ಟಡದ ಹಿತೈಷಿಗಳೆಲ್ಲ "ಊರಿಗೆ ಹೋಗ್ತಿದ್ದೇವೆ, ಅಲ್ಲಿ ಬೇಕಾದೀತು ಅನ್ನಿ" ಎಂದು ಸುಳ್ಳು ಕಲಿಸಿಕೊಟ್ಟರು. ನಮಗೆ ಒಗ್ಗಲಿಲ್ಲ. ನೇರವಾಗಿ ಹೋಗಿ, "ಡಾಕ್ಟ್ರೇ, ಕೀಳಿಸುವ ಮುಂಚೆ ಇನ್ನೊಬ್ಬರಿಗೆ ತೋರಿಸುವ ಮನಸ್ಸಿದೆ, ಪ್ರತಿಗಳನ್ನು ಕೊಡಿ" ಎಂದೆವು. ಅವರ ಮುಖ ಒಂದು ಕ್ಷಣ ಬಾಡಿದ್ದು ನಿಜ. ಮರುಕ್ಷಣ "ತೋರಿಸ್ರಿ, ತೋರಿಸ್ರಿ" ಎಂದು ಚಿಕಿತ್ಸೆಗೆ ಮುಂಚಿನದು, ನಡುವಿನದು, ಆಮೇಲಿನದು, ಮೂರನ್ನೂ ನಮ್ಮ ಫೋನಿಗೆ ಕಳಿಸಿದರು. ಮೂರೂ ಬೇಕು, ಕೊನೆಯದೊಂದೇ ಸಾಲದು.

ಮೊದಲು ಹತ್ತಿರದಲ್ಲೇ ಎಂದು 'ಉಚಿತ ತಪಾಸಣೆ' ಎಂಬ ಬೋರ್ಡಿದ್ದ ಒಂದು ಕಡೆ ಹೋದೆವು. ಹವಾನಿಯಂತ್ರಣ, ಕಾಫಿ, ಗೋಡೆಯ ತುಂಬ ನಗುಮುಖಗಳು. ಹತ್ತು ನಿಮಿಷದಲ್ಲಿ ಅವರು ಹಳೆಯ ಡಾಕ್ಟರನ್ನು ಬೈದು, ಆ ಹಲ್ಲನ್ನು ಕೀಳಬೇಕೆಂದು ಹೇಳಿ, ಇನ್ನೂ ಮೂರು ಹಲ್ಲುಗಳಿಗೆ ಕೆಲಸವಿದೆಯೆಂದು ಅಂದಾಜುಪಟ್ಟಿ ಕೊಟ್ಟರು. ಒಂದು ಹಲ್ಲು ಹಿಡಿದುಕೊಂಡು ಹೋದವರು ನಾಲ್ಕು ಹೊತ್ತುಕೊಂಡು ಬಂದಂತಾಯಿತು. ಟೆಂಡರು ಹಾಕುವವನನ್ನೇ ಪರಿಶೀಲನಾ ಸಮಿತಿಗೆ ಸೇರಿಸುವುದಿಲ್ಲ ಎಂಬುದು ಕಚೇರಿಯ ಇನ್ನೊಂದು ವಿಧಿ. ಅಭಿಪ್ರಾಯ ಕೇಳುವುದಾದರೆ, ಆ ಕೆಲಸದಿಂದ ಲಾಭವಿಲ್ಲದವರನ್ನು ಕೇಳಬೇಕು.

ಅದಕ್ಕೆ ತಕ್ಕ ಸ್ಥಳ ಸರ್ಕಾರದ, ಇಲ್ಲವೆ ನಗರಪಾಲಿಕೆಯ ದಂತ ಕಾಲೇಜು. ಮುಂಬಯಿಯಲ್ಲಿ ಬೋರಿಬಂದರದ ಹತ್ತಿರ ಒಂದು, ಮುಂಬಯಿ ಸೆಂಟ್ರಲ್ ಬಳಿ ನಾಯರ್ ಆಸ್ಪತ್ರೆಯದು ಇನ್ನೊಂದು. ದೆಹಲಿಯಲ್ಲಿ ಮೌಲಾನಾ ಆಜಾದ್ ಸಂಸ್ಥೆ. ಚೆನ್ನೈ, ಹೈದರಾಬಾದುಗಳಲ್ಲೂ ಸರ್ಕಾರಿ ದಂತ ಕಾಲೇಜುಗಳಿವೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಬೇಕು, ಬೆಂಚಿನ ಮೇಲೆ ಕೂತು ಸರದಿ ಕಾಯಬೇಕು. ಒಂದು ಕ್ಯಾಶುವಲ್ ರಜೆ ಹೋಯಿತೆಂದೇ ಲೆಕ್ಕ. ನಮ್ಮ ಮನೆಯವರನ್ನು ಮೊದಲು ನೋಡಿದ್ದು ಓದುತ್ತಿರುವ ಒಬ್ಬ ಹುಡುಗಿ. ಏನು ನೋವು, ಯಾವಾಗ ಎಂದಷ್ಟೇ ಹೇಳಿದೆವು. ಯಾರು ಮಾಡಿದರು, ಎಷ್ಟು ತೆಗೆದುಕೊಂಡರು ಎಂಬುದನ್ನು ಹೇಳಲಿಲ್ಲ, ಅವರು ಕೇಳಲೂ ಇಲ್ಲ.

ಆಮೇಲೆ ಬಂದವರು ಪ್ರಾಧ್ಯಾಪಕರು. ಗೆರೆ ಹಾಕಿದ ಒಂದು ಸಣ್ಣ ಕಡ್ಡಿಯಿಂದ ಹಲ್ಲಿನ ಸುತ್ತ ಒಸಡಿನ ಆಳವನ್ನು ಅಳೆದರು. ಬೇರು ಸೀಳಿದ್ದರೆ ಸಾಮಾನ್ಯವಾಗಿ ಒಂದೇ ಕಡೆ ಕಡ್ಡಿ ಆಳಕ್ಕಿಳಿಯುತ್ತದಂತೆ. ಇಲ್ಲಿ ಇಳಿಯಲಿಲ್ಲ. ಓರೆಯಾಗಿ ಇನ್ನೊಂದು ಎಕ್ಸ್‌ರೇ ತೆಗೆಸಿದರು, ಮೂರು ಆಯಾಮದ ಸ್ಕ್ಯಾನನ್ನೂ ಮಾಡಿಸಿದರು. ತುಂಬದೆ ಉಳಿದ ನಾಲ್ಕನೆಯ ನಾಳ ಅದರಲ್ಲಿ ಕಂಡಿತು. "ಕೀಳುವ ಅಗತ್ಯ ಕಾಣೆ. ಮತ್ತೆ ತೆರೆದು ತುಂಬೋಣ. ಗ್ಯಾರಂಟಿ ಕೊಡಲಾರೆ," ಎಂದು ಹಿಂದಿಯಲ್ಲಿ ಹೇಳಿದರು. ಹಾಗಾದರೆ ಮೊದಲಿನವರು ತಪ್ಪು ಮಾಡಿದರೇ ಎಂದು ನಮ್ಮ ಮನೆಯವರು ಕೇಳಿಯೇ ಕೇಳಿದರು. "ಇದು ಸಿಕ್ಕುವುದು ಕಷ್ಟ, ನನಗೂ ಸಿಕ್ಕದೆ ಹೋದದ್ದಿದೆ," ಎಂದಷ್ಟೇ ಅಂದರು ಆ ಮಹನೀಯರು. ನಮ್ಮ ಅಭಿಪ್ರಾಯ ಅಷ್ಟು ಉದಾರವಲ್ಲ. ಸಿಕ್ಕದ್ದು ತಪ್ಪಲ್ಲ, ಒಪ್ಪೋಣ. ಇಂಥ ಪರೀಕ್ಷೆಯೊಂದೂ ಇಲ್ಲದೆ ಸೀಳಿದೆ ಎಂದು ಹೇಳಿದ್ದು ತಪ್ಪು.

ಎಲ್ಲ ಶಂಕೆಯೂ ಹೀಗೆ ನಿಜವಾಗುವುದಿಲ್ಲ. ನಮ್ಮ ಕಚೇರಿಯ ಮರಾಠಿ ಮಿತ್ರರೊಬ್ಬರು ಕ್ಯಾಪು ಹಾಕಿಸಿಕೊಂಡ ಮೇಲೆ ನೋವೆಂದು ತಮ್ಮ ಡಾಕ್ಟರ ಮೇಲೆ ದಾವೆ ಹೂಡುವುದೊಂದು ಬಾಕಿ ಎಂಬಂತಿದ್ದರು. ಎರಡನೆಯ ಡಾಕ್ಟರು ನಮ್ಮ ಹಳೆಯ ಕಾರ್ಬನ್ ಕಾಗದದಂಥ ನೀಲಿ ಕಾಗದವನ್ನು ಹಲ್ಲುಗಳ ನಡುವೆ ಇಟ್ಟು ಕಚ್ಚಿಸಿ, ಗುರುತು ಬಿದ್ದ ಕಡೆ ಒಂದಿಷ್ಟು ಉಜ್ಜಿದರು. ಕ್ಯಾಪು ಕೂದಲೆಳೆಯಷ್ಟು ಎತ್ತರವಾಗಿತ್ತು, ಅಷ್ಟೆ. ದಾವೆ ಅಲ್ಲಿಗೆ ವಜಾ.

ದಾವೆಯ ಮಾತು ಬಂದದ್ದರಿಂದ ಹೇಳಬೇಕು. ಹಣ ಪಡೆದು ಮಾಡುವ ಚಿಕಿತ್ಸೆ ಗ್ರಾಹಕ ಕಾನೂನಿಗೆ ಒಳಪಡುತ್ತದೆಂದು ಸುಪ್ರೀಂ ಕೋರ್ಟು 1995ರಲ್ಲಿ ತೀರ್ಪಿತ್ತಿದೆ. 2019ರ ಕಾಯಿದೆಯಂತೆ ದೂರಿಗೆ ಎರಡು ವರ್ಷದ ಅವಧಿ. ಆದರೆ ಫಲ ಕೆಟ್ಟಿತೆಂಬ ಮಾತ್ರಕ್ಕೆ ಅದು ನಿರ್ಲಕ್ಷ್ಯವಾಗದೆಂದು ಅದೇ ಕೋರ್ಟು 2005ರಲ್ಲಿ ಹೇಳಿದೆ. ನಾವು ಆ ದಾರಿ ಹಿಡಿಯಲಿಲ್ಲ. ಹಿಡಿಯುವವರು ಎಕ್ಸ್‌ರೇ, ರಸೀತಿ, ಔಷಧದ ಚೀಟಿ ಎಲ್ಲವನ್ನೂ ತಾರೀಖಿನಂತೆ ಜೋಡಿಸಿಟ್ಟುಕೊಳ್ಳಲಿ.

ಯುಗಾದಿಯ ಹಿಂದುಮುಂದು ನಾಲ್ಕು ಸಲ ಕೂರಿಸಿ, ಕ್ಯಾಪು ತೆಗೆದು, ಸೂಕ್ಷ್ಮದರ್ಶಕದಡಿ ಆ ನಾಳವನ್ನು ಹುಡುಕಿ ತುಂಬಿದರು. ಆರು ತಿಂಗಳ ಎಕ್ಸ್‌ರೇಯಲ್ಲಿ ಬೇರಿನ ತುದಿಯ ಕಪ್ಪು ಮಚ್ಚೆ ಚಿಕ್ಕದಾಗಿದೆ. ಪೂರ್ತಿ ಮಾಯಲು ಇನ್ನೂ ಕಾಲ ಬೇಕಂತೆ. ರೊಟ್ಟಿಯ ಅಂಚಿಗೆ ಈಗ ತಡೆಯಿಲ್ಲ.

ದಸರೆಯ ಕಾರ್ಯಕ್ರಮದಲ್ಲಿ ಸಂಘದ ಡಾಕ್ಟರು ತಾವಾಗಿಯೇ ಬಂದು, "ಅಕ್ಕಾ, ಹಲ್ಲು ಏನಾತ್ರಿ?" ಎಂದು ಕೇಳಿದರು. ನಾವು ಫೋನಿನಲ್ಲಿದ್ದ ಸ್ಕ್ಯಾನನ್ನು ತೋರಿಸಿದೆವು. ಕನ್ನಡಕ ತೆಗೆದು, ಚಿತ್ರವನ್ನು ದೊಡ್ಡದು ಮಾಡಿ, ಬಹಳ ಹೊತ್ತು ನೋಡಿದರು. ಆಮೇಲೆ, "ಇದನ್ನ ನನಗೊಂದು ಕಳಿಸ್ರಿ," ಎಂದರು. ಅಲ್ಲೇ ನಿಂತು ಕಳಿಸಿದೆವು.